ಕಟ್ಟು ಬಿಚ್ಚಿದ ಕಿರುತೆರೆ

(ಉಪನ್ಯಾಸವೊಂದರ ಬರಹರೂಪ)



ಹೋಟೆಲಿಗೆ ಹೋಗಿ ‘ಊಟ’ ಎಂದು ಟೋಕನ್ ಪಡೆದವರ ಮುಂದೆ ಬರುವುದು ತುಂಬಿದ ಎಲೆ ಅಥವಾ ತಟ್ಟೆ. ಅದರಲ್ಲಿ ಪಲ್ಯ, ಕೋಸಂಬರಿ, ಹುಳಿ, ಸಾರು, ಹಪ್ಪಳ, ಮಜ್ಜಿಗೆ, ಕೊನೆಗೊಂದು ಸಿಹಿ. ಹಾಗಲಕಾಯಿ ಪಲ್ಯ ಬೇಡವೆಂದರೆ ಬದಿಗೆ ಸರಿಸಬಹುದು. ಅದಕ್ಕಾಗಿ ಯಾವ ಮಾಲೀಕನೂ ಎರಡು ರೂಪಾಯಿ ವಾಪಸು ಕೊಡುವುದಿಲ್ಲ. ಅದೇ ಹೋಟೆಲಿಗೆ ಸಂಜೆ ಹೋಗಿ ಒಂದು ಮಸಾಲೆ ದೋಸೆ, ಒಂದು ಬೈಟು ಕಾಫಿ ತೆಗೆದುಕೊಂಡರೆ ಬಿಲ್ಲು ಅಷ್ಟಕ್ಕೇ. ತಿಂದದ್ದಕ್ಕೆ ಮಾತ್ರ ದುಡ್ಡು.

ಭಾರತದ ಕಿರುತೆರೆ ಕಳೆದ ಮೂರೂವರೆ ದಶಕಗಳಲ್ಲಿ ಸಾಗಿ ಬಂದ ದಾರಿಯನ್ನು ಈ ಎರಡು ಟೋಕನ್‌ಗಳ ನಡುವಿನ ದಾರಿ ಎನ್ನಬಹುದು. ಕೇಬಲ್ ಟಿವಿ ಎಲೆಯೂಟ. ಬೇಕಾದದ್ದೂ ಬೇಡದ್ದೂ ಒಟ್ಟಿಗೆ ಬರುತ್ತಿತ್ತು, ತಿಂಗಳಿಗೆ ಒಂದೇ ಮೊತ್ತ. ಅಂತರಜಾಲದ ವೀಕ್ಷಣೆ ಬಿಡಿ ತಿಂಡಿ. ಬೇಕೆನಿಸಿದ್ದನ್ನು ಬೇಕೆನಿಸಿದಾಗ ನೋಡಿ, ಅದಕ್ಕಷ್ಟೇ ಹಣ ತೆರುವುದು. ಮೇಲ್ನೋಟಕ್ಕೆ ಇದು ನೋಡುಗನ ವಿಜಯ. ಬೇಡದ ಚಾನೆಲ್ಲಿಗೆ ಯಾಕೆ ಹಣ ಕೊಡಬೇಕು ಎಂಬ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿತು. ಆದರೆ ಹಾಗಲಕಾಯಿ ಪಲ್ಯ ತಿನ್ನುವವರು ಎಲೆಯಲ್ಲಿ ಹತ್ತಕ್ಕೆ ಇಬ್ಬರೇ ಇದ್ದರೆ, ಬಿಡಿ ಮಾರಾಟ ಶುರುವಾದ ದಿನ ಅಡುಗೆಮನೆಯಲ್ಲಿ ಆ ಪಲ್ಯ ಉಳಿಯುತ್ತದೆಯೇ? ಕನ್ನಡದಂಥ ಭಾಷೆಗೆ ಈ ಪ್ರಶ್ನೆ ಸಣ್ಣದಲ್ಲ.

ಒಂದೇ ವಾಹಿನಿಯ ಕಾಲ

ಕೊಂಚ ಹಿಂದಕ್ಕೆ ಹೋಗೋಣ. ಭಾರತದಲ್ಲಿ ಟೆಲಿವಿಷನ್ ಪ್ರಸಾರ ದೆಹಲಿಯಲ್ಲಿ ಪ್ರಯೋಗರೂಪವಾಗಿ ಆರಂಭವಾದದ್ದು 1959ರ ಸೆಪ್ಟೆಂಬರ್ 15ರಂದು. ಕನ್ನಡನಾಡಿನ ಹಳ್ಳಿಗಳಿಗೆ ಅದು ಮೊದಲು ಬಂದದ್ದು ಬೆಂಗಳೂರಿನ ದಾರಿಯಿಂದಲ್ಲ, ಆಕಾಶದಿಂದ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ನಡೆಸಿದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸಮುದಾಯ ಟಿವಿ ಬಂತು. ಅಂದಿನ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಊರಿಗೊಂದು ಪೆಟ್ಟಿಗೆ, ಅದರ ಮುಂದೆ ಊರೆಲ್ಲ. ಕೃಷಿ, ಆರೋಗ್ಯ, ಶಾಲಾಪಾಠ ಇವೇ ಮುಖ್ಯ ಕಾರ್ಯಕ್ರಮಗಳು. ನೋಡುವವರು ಹಣ ಕೊಡಬೇಕಿರಲಿಲ್ಲ, ಆಯ್ಕೆಯೂ ಇರಲಿಲ್ಲ.

1982ರಲ್ಲಿ ಬಣ್ಣದ ಪ್ರಸಾರ ಬಂತು. ದೆಹಲಿಯ ಏಷ್ಯನ್ ಕ್ರೀಡಾಕೂಟ ಅದಕ್ಕೆ ನೆಪ. 1987ರ ಜನವರಿಯಿಂದ ಭಾನುವಾರದ ಬೆಳಗ್ಗೆ ‘ರಾಮಾಯಣ’ ಶುರುವಾದಾಗ ರಸ್ತೆಗಳು ಬಿಕೋ ಎನ್ನುತ್ತಿದ್ದುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಟಿವಿ ಇದ್ದ ಮನೆಯ ಹಜಾರದಲ್ಲಿ ನೆರೆಹೊರೆಯವರೆಲ್ಲ ಚಾಪೆ ಹಾಸಿ ಕೂರುತ್ತಿದ್ದರು. ಒಂದೇ ವಾಹಿನಿ ಇದ್ದುದರಿಂದ ಎಲ್ಲರೂ ಒಂದನ್ನೇ ನೋಡುತ್ತಿದ್ದರು. ಮರುದಿನ ಕಚೇರಿಯಲ್ಲಿ, ನಲ್ಲಿಯ ಕಟ್ಟೆಯಲ್ಲಿ ಒಂದನ್ನೇ ಮಾತಾಡುತ್ತಿದ್ದರು. ಏನು ನೋಡಬೇಕು ಎಂಬುದನ್ನು ಸರ್ಕಾರ ನಿರ್ಧರಿಸುತ್ತಿತ್ತು. ಅದರ ಬೇಸರವೂ ಜನರಲ್ಲಿ ಸಾಕಷ್ಟಿತ್ತು.

ತಂತಿ ಬಂದ ಬಗೆ

ಕೇಬಲ್ ಟಿವಿ ಹುಟ್ಟಿದ್ದು ಆಯ್ಕೆಗಾಗಿ ಅಲ್ಲ, ಅಡ್ಡಿ ದಾಟುವುದಕ್ಕಾಗಿ. 1948ರ ಸುಮಾರಿಗೆ ಅಮೆರಿಕದ ಪೆನ್ಸಿಲ್ವೇನಿಯಾ, ಆರೆಗಾನ್ ಪ್ರಾಂತಗಳ ಗುಡ್ಡಗಾಡು ಊರುಗಳಲ್ಲಿ ಟಿವಿ ಸಂಕೇತ ಬೆಟ್ಟಕ್ಕೆ ಬಡಿದು ನಿಲ್ಲುತ್ತಿತ್ತು. ಎತ್ತರದಲ್ಲಿ ಒಂದು ದೊಡ್ಡ ಆಂಟೆನಾ ನೆಟ್ಟು, ಅಲ್ಲಿಂದ ಮನೆಮನೆಗೆ ತಂತಿ ಎಳೆದವರು ಮೊದಲ ಕೇಬಲ್ ವ್ಯಾಪಾರಿಗಳು. ಆ ತಂತಿಯಲ್ಲಿ ಜಾಹೀರಾತಿಲ್ಲದ, ಹೆಚ್ಚುವರಿ ಹಣ ಕೊಟ್ಟವರಿಗೆ ಮಾತ್ರ ಸಿಗುವ ವಾಹಿನಿಯನ್ನು ಹರಿಸಬಹುದೆಂದು ತೋರಿಸಿದ್ದು ಎಚ್‌ಬಿಒ. ಅದು 1972ರ ನವೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದಲ್ಲೇ ಶುರುವಾಯಿತು.

ಭಾರತದಲ್ಲಿ ತಂತಿ ಬಂದದ್ದು ಬೇರೆ ಬಗೆಯಲ್ಲಿ. 1980ರ ದಶಕದ ನಡುವಿನಲ್ಲಿ ಮುಂಬೈನ ಬಹುಮಹಡಿ ಕಟ್ಟಡಗಳಲ್ಲಿ ಒಂದು ವಿಸಿಆರ್ ಇಟ್ಟು, ಅದರಲ್ಲಿ ಹಾಕಿದ ಸಿನಿಮಾವನ್ನು ಎಲ್ಲ ಮನೆಗಳಿಗೆ ತಂತಿಯಲ್ಲಿ ಹರಿಸುವ ಉಪಾಯ ಕಂಡುಕೊಂಡರು. 1991ರ ಜನವರಿಯಲ್ಲಿ ಕೊಲ್ಲಿ ಯುದ್ಧ ಆರಂಭವಾದಾಗ ದೊಡ್ಡ ಹೋಟೆಲುಗಳ ಡಿಷ್ ಆಂಟೆನಾಗಳಲ್ಲಿ ಸಿಎನ್‌ಎನ್ ಕಂಡಿತು. ಅದೇ ವರ್ಷ ಹಾಂಗ್‌ಕಾಂಗ್‌ನಿಂದ ಸ್ಟಾರ್ ಟಿವಿ ಏಷ್ಯಾಸ್ಯಾಟ್ ಉಪಗ್ರಹದ ಮೂಲಕ ಬಂತು. 1992ರ ಅಕ್ಟೋಬರ್ 2ರಂದು ಜೀ ಟಿವಿ, 1993ರಲ್ಲಿ ತಮಿಳಿನ ಸನ್ ಟಿವಿ, 1994ರ ಜೂನ್‌ನಲ್ಲಿ ಕನ್ನಡದ ಮೊದಲ ಉಪಗ್ರಹ ವಾಹಿನಿ ಉದಯ ಟಿವಿ. ಆಕಾಶದಿಂದ ಬರುವುದನ್ನು ಹಿಡಿದು ಕಂಬದಿಂದ ಕಂಬಕ್ಕೆ ತಂತಿ ಎಳೆದವರು ಬಡಾವಣೆಯ ಹುಡುಗರು: ರೇಡಿಯೋ ರಿಪೇರಿ ಅಂಗಡಿಯವರು, ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದವರು.

ಸರ್ಕಾರ ಎಚ್ಚೆತ್ತು ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯಿದೆ ತಂದದ್ದು 1995ರಲ್ಲಿ. ಕೇಬಲ್‌ನವನು ಹೆಸರು ನೋಂದಾಯಿಸಬೇಕಾಗಿದ್ದುದು ಪ್ರಧಾನ ಅಂಚೆ ಕಚೇರಿಯಲ್ಲಿ! ಆಕಾಶದ ವಾಹಿನಿಗೆ ಕಾಗದದ ಅಂಚೆಯವರು ಪರವಾನಗಿ ಕೊಡುವ ವಿಚಿತ್ರ ಏರ್ಪಾಡು. ಆದರೆ ಅದೇ ಕಾಯಿದೆಯಲ್ಲಿ ಮುಖ್ಯವಾದ ಇನ್ನೊಂದು ಮಾತಿತ್ತು. ಪ್ರತಿ ಕೇಬಲ್‌ನವನೂ ದೂರದರ್ಶನದ ನಿಗದಿತ ವಾಹಿನಿಗಳನ್ನು ಕಡ್ಡಾಯವಾಗಿ ಕೊಡಲೇಬೇಕು. ಕಟ್ಟಿನೊಳಗೆ ಸಾರ್ವಜನಿಕ ಪ್ರಸಾರಕ್ಕೆ ಒಂದು ಜಾಗ ಕಾನೂನಿನಿಂದಲೇ ಸಿಕ್ಕಿತು.

ಹೀಗೆ ಬಂದ ಕೇಬಲ್‌ನವನು ಮನೆಮಂದಿಯಲ್ಲಿ ಒಬ್ಬನಂತಾದ. ತಿಂಗಳ ಮೊದಲ ವಾರ ಅವನ ಹುಡುಗ ಸಣ್ಣ ಕಾರ್ಡು ಹಿಡಿದು ಬಾಗಿಲಿಗೆ ಬರುತ್ತಿದ್ದ. ಮಳೆಗೆ ಚಿತ್ರ ಮಸುಕಾದರೆ ಅವನಿಗೇ ಫೋನು. ಕ್ರಿಕೆಟ್ ಪಂದ್ಯದ ಹೊತ್ತಿಗೆ ತಂತಿ ಕಡಿದರೆ ಬೀದಿಯೆಲ್ಲ ಅವನ ಅಂಗಡಿಯ ಮುಂದೆ. ಎಷ್ಟೋ ಊರುಗಳಲ್ಲಿ ಅವನದೇ ಸ್ಥಳೀಯ ವಾಹಿನಿಯೂ ಇತ್ತು. ಊರ ತೇರು, ಶಾಲಾ ವಾರ್ಷಿಕೋತ್ಸವ, ಕರಾವಳಿಯಾದರೆ ರಾತ್ರಿಯಿಡೀ ಯಕ್ಷಗಾನ ಅದರಲ್ಲಿ ಬರುತ್ತಿದ್ದವು. ಅವುಗಳಿಗಾಗಿ ಯಾರೂ ಬೇರೆ ಹಣ ಕೊಡುತ್ತಿರಲಿಲ್ಲ.

ಕಟ್ಟಿನ ಗಣಿತ

ಇಲ್ಲೊಂದು ಪ್ರಶ್ನೆ ಏಳುತ್ತದೆ. ನೂರು ಚಾನೆಲ್ ಕೊಟ್ಟು ಒಂದೇ ಬೆಲೆ ಕೇಳುವುದು ನೋಡುಗನಿಗೆ ಮಾಡಿದ ಮೋಸವೇ? ಅರ್ಥಶಾಸ್ತ್ರ ಇದಕ್ಕೆ ಸ್ವಾರಸ್ಯವಾದ ಉತ್ತರ ಕೊಡುತ್ತದೆ. ಅಮೆರಿಕದಲ್ಲಿ ಸಿನಿಮಾ ಕಂಪನಿಗಳು ಒಳ್ಳೆಯ ಚಿತ್ರದ ಜೊತೆ ಸಾಧಾರಣ ಚಿತ್ರವನ್ನೂ ಕಟ್ಟಿ ಮಾರುತ್ತಿದ್ದುದರ ಬಗ್ಗೆ ಮೊಕದ್ದಮೆ ನಡೆದಿತ್ತು. ಅದನ್ನು ಕುರಿತು ಜಾರ್ಜ್ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞ 1963ರಲ್ಲಿ ಒಂದು ಸಣ್ಣ ಟಿಪ್ಪಣಿ ಬರೆದ. ಮುಂದೆ 1982ರಲ್ಲಿ ನೊಬೆಲ್ ಪಡೆದವನೀತ. ಅವನ ತರ್ಕವನ್ನು ಮನೆಮಾತಿನಲ್ಲಿ ಹೀಗೆ ಹೇಳಬಹುದು.

ಎರಡು ಮನೆಗಳಿವೆ ಎಂದುಕೊಳ್ಳಿ. ಒಂದರಲ್ಲಿ ಕ್ರಿಕೆಟ್ ಹುಚ್ಚು. ಆ ಮನೆಯವರು ಕ್ರೀಡಾ ವಾಹಿನಿಗೆ 80 ರೂಪಾಯಿ ಕೊಡಲು ಸಿದ್ಧ, ಧಾರಾವಾಹಿಯ ವಾಹಿನಿಗೆ 30 ಮಾತ್ರ. ಇನ್ನೊಂದರಲ್ಲಿ ಧಾರಾವಾಹಿ ಹುಚ್ಚು; ಅಲ್ಲಿ ಲೆಕ್ಕ ತಿರುವುಮುರುವು. ಬಿಡಿಯಾಗಿ ಒಂದೊಂದಕ್ಕೆ 80 ರೂಪಾಯಿ ಇಟ್ಟರೆ ಪ್ರತಿ ಮನೆಯೂ ಒಂದೊಂದನ್ನೇ ಕೊಳ್ಳುತ್ತದೆ. ಒಟ್ಟು ವಸೂಲಿ 160. ಎರಡನ್ನೂ ಕಟ್ಟಿ 110ಕ್ಕೆ ಕೊಟ್ಟರೆ ಎರಡೂ ಮನೆಗಳು ಕೊಳ್ಳುತ್ತವೆ, ವಸೂಲಿ 220. ವ್ಯಾಪಾರಿಗೆ ಲಾಭ, ಎರಡೂ ಮನೆಗಳಿಗೆ ಎರಡೆರಡು ವಾಹಿನಿ. ಎಲೆಗೆ ಇನ್ನೊಂದು ಪಲ್ಯ ಬಡಿಸಲು ತರಕಾರಿಯ ಖರ್ಚುಂಟು. ಆದರೆ ಆಕಾಶದಲ್ಲಿ ಈಗಾಗಲೇ ಹರಿಯುತ್ತಿರುವ ಸಂಕೇತವನ್ನು ಇನ್ನೊಂದು ಮನೆಗೆ ಕೊಡಲು ಹೆಚ್ಚಿನ ಖರ್ಚೇ ಇಲ್ಲ. ಹಾಗಾಗಿ ಕಟ್ಟುವುದು ಟಿವಿಯ ಸ್ವಭಾವಕ್ಕೇ ಒಗ್ಗಿದ ವ್ಯಾಪಾರ.

ಇದಕ್ಕೆ ಇನ್ನೊಂದು ಮುಖವುಂಟು. ಕ್ರಿಕೆಟ್ ಮನೆಯವರು ತಮಗರಿವಿಲ್ಲದೆ ಧಾರಾವಾಹಿಯ ಖರ್ಚಿಗೆ ಸ್ವಲ್ಪ ಸೇರಿಸುತ್ತಾರೆ, ಧಾರಾವಾಹಿಯ ಮನೆಯವರು ಕ್ರಿಕೆಟ್ಟಿಗೆ. ಬೆಂಗಳೂರಿನ ಒಂದು ಬೀದಿಯನ್ನು ನೆನೆಯಿರಿ. ಕನ್ನಡದ ಮನೆ, ತಮಿಳಿನ ಮನೆ, ತೆಲುಗಿನ ಮನೆ, ಉರ್ದುವಿನ ಮನೆ. ಎಲ್ಲರ ಮನೆಗೂ ಒಂದೇ ತಂತಿ, ಒಂದೇ ಬೆಲೆ, ಎಲ್ಲ ಭಾಷೆಯ ವಾಹಿನಿ. ಕನ್ನಡ ಬಾರದ ಮನೆಯ ತಿಂಗಳ ಹಣದಲ್ಲೂ ಕನ್ನಡ ವಾಹಿನಿಯ ಪಾಲಿತ್ತು; ಆ ಮನೆಯ ಮಕ್ಕಳು ರಿಮೋಟ್ ಒತ್ತುತ್ತ ಕನ್ನಡದ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತಿದ್ದರು. ಯಾರೂ ದಾನ ಮಾಡುತ್ತೇವೆಂದು ಎಣಿಸಿರಲಿಲ್ಲ. ಕಟ್ಟು ತಾನಾಗಿಯೇ ಅದನ್ನು ಮಾಡುತ್ತಿತ್ತು.

ಹಾಗೆಂದು ಕೇಬಲ್ ಕಾಲ ಸ್ವರ್ಗವಾಗಿರಲಿಲ್ಲ. ಕೇಬಲ್‌ನವನು ಸಾವಿರ ಮನೆಗೆ ತಂತಿ ಕೊಟ್ಟು ಇನ್ನೂರು ಮನೆಯ ಲೆಕ್ಕ ತೋರಿಸುವ ರೂಢಿ ದೇಶದಲ್ಲೆಲ್ಲ ಇತ್ತು. ಚಂದಾ ಹಣ ಕೈಗೆ ಬಾರದಾಗ ವಾಹಿನಿಗಳು ಜಾಹೀರಾತನ್ನೇ ನಂಬಿದವು. ಜಾಹೀರಾತು ಬೇಕೆಂದರೆ ಅತಿ ಹೆಚ್ಚು ಜನ ನೋಡುವುದನ್ನೇ ಕೊಡಬೇಕು. ಸಂಜೆಯ ಧಾರಾವಾಹಿಗಳು ಒಂದರಂತೆ ಒಂದು ಆದದ್ದಕ್ಕೆ ಇದು ಮುಖ್ಯ ಕಾರಣ. 1998ರಲ್ಲಿ ಬೆಂಗಳೂರು ದೂರದರ್ಶನದಲ್ಲಿ ಪ್ರಸಾರವಾದ ‘ಮಾಯಾಮೃಗ’ವನ್ನು ಮೆಚ್ಚಿದ್ದ ನೋಡುಗರು ಮುಂದಿನ ವರ್ಷಗಳಲ್ಲಿ ಅತ್ತೆ-ಸೊಸೆ ಜಗಳಗಳ ನಡುವೆ ಅಂಥದ್ದನ್ನು ಹುಡುಕಿ ಸೋತರು.

ಬಿಡಿಸುವ ಪ್ರಯತ್ನ

ಕಟ್ಟನ್ನು ಬಿಡಿಸಲು ಮೊದಲು ಹೊರಟಿದ್ದು ಅಂತರಜಾಲವಲ್ಲ, ಸರ್ಕಾರ. 2002ರಲ್ಲಿ ಕೇಬಲ್ ಕಾಯಿದೆಗೆ ತಿದ್ದುಪಡಿ ತಂದು, ಹಣ ತೆರಬೇಕಾದ ವಾಹಿನಿಗಳನ್ನು ಸೆಟ್‌ಟಾಪ್ ಪೆಟ್ಟಿಗೆಯ ಮೂಲಕವೇ ಕೊಡಬೇಕೆಂಬ ನಿಯಮ ಮಾಡಿತು. ಅದಕ್ಕೆ ‘ಕ್ಯಾಸ್’ ಎಂದು ಹೆಸರು. 2003ರ ಸೆಪ್ಟೆಂಬರ್‌ನಲ್ಲಿ ಚೆನ್ನೈನಲ್ಲಿ ಜಾರಿಯಾಯಿತು. ದೆಹಲಿ, ಮುಂಬೈ, ಕೋಲ್ಕತ್ತಗಳ ಕೆಲವು ಭಾಗಗಳಿಗೆ ಬರಲು 2006ರ ಕೊನೆಯವರೆಗೆ ಕಾಯಬೇಕಾಯಿತು. ಕ್ಯಾಸ್ ಇದ್ದಲ್ಲಿ ಉಚಿತ ವಾಹಿನಿಗಳಿಗೆಲ್ಲ ಸೇರಿ 77 ರೂಪಾಯಿ, ಹಣದ ವಾಹಿನಿ ಒಂದೊಂದಕ್ಕೆ ಹೆಚ್ಚೆಂದರೆ 5 ರೂಪಾಯಿ ಎಂದು ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಬೆಲೆ ಕಟ್ಟಿತು. ಆದರೆ ಯೋಜನೆ ಆ ನಗರಗಳ ಆಚೆಗೆ ದಾಟಲಿಲ್ಲ.

2003ರಿಂದ ಮನೆಯ ಮೇಲೆ ಸಣ್ಣ ಡಿಷ್ ಇಡುವ ಡಿಟಿಎಚ್ ಬಂತು. 2011ರ ಕೊನೆಯಲ್ಲಿ ಕೇಬಲ್ ಕಾಯಿದೆ ಮತ್ತೆ ತಿದ್ದುಪಡಿಯಾಗಿ ಎಲ್ಲ ಕೇಬಲ್ ಡಿಜಿಟಲ್ ಆಗಬೇಕೆಂದಾಯಿತು. ಬೆಂಗಳೂರು, ಮೈಸೂರುಗಳು ಎರಡನೆಯ ಹಂತದಲ್ಲಿ ಸೇರಿದ್ದವು. ಗಡುವು 2013ರ ಮಾರ್ಚ್ 31. ಪೆಟ್ಟಿಗೆ ಮನೆಗೆ ಬಂದ ಮೇಲೆ ಯಾವ ಮನೆ ಯಾವ ವಾಹಿನಿ ಪಡೆದಿದೆ ಎಂಬ ಲೆಕ್ಕ ಹಿಡಿಯುವುದು ಸಾಧ್ಯವಾಯಿತು.

ಆ ಲೆಕ್ಕದ ಬಲದಿಂದ ಟ್ರಾಯ್ 2017ರ ಮಾರ್ಚ್‌ನಲ್ಲಿ ಹೊಸ ದರನೀತಿ ಪ್ರಕಟಿಸಿತು. ಮೊಕದ್ದಮೆಗಳು ಮದ್ರಾಸ್ ಹೈಕೋರ್ಟ್, ಸುಪ್ರೀಂ ಕೋರ್ಟ್ ದಾಟಿ ನೀತಿ ಜಾರಿಗೆ ಬಂದದ್ದು 2019ರ ಫೆಬ್ರುವರಿ 1ರಂದು. ಪ್ರತಿ ವಾಹಿನಿಗೂ ಬಿಡಿ ಬೆಲೆ ಸಾರಬೇಕು. ನೂರು ವಾಹಿನಿಗಳವರೆಗೆ ತಂತಿಯ ಬಾಡಿಗೆಯಂತೆ 130 ರೂಪಾಯಿ, ತೆರಿಗೆ ಸೇರಿ ಸುಮಾರು 153. ಅದರ ಮೇಲೆ ಆರಿಸಿಕೊಂಡ ವಾಹಿನಿಗಳ ಬೆಲೆ. ಒಂದು ವಾಹಿನಿಯನ್ನು ಪ್ಯಾಕ್‌ನಲ್ಲಿ ಸೇರಿಸಬೇಕಾದರೆ ಅದರ ಬಿಡಿ ಬೆಲೆ 19 ರೂಪಾಯಿ ಮೀರಬಾರದು. ಆ ಜನವರಿಯಲ್ಲಿ ಮನೆಮನೆಯಲ್ಲೂ ಪಟ್ಟಿ ಹಿಡಿದು ಚರ್ಚೆ: ಅಜ್ಜಿಗೆ ಧಾರಾವಾಹಿ, ಅಪ್ಪನಿಗೆ ಸುದ್ದಿ, ಮಗನಿಗೆ ಕ್ರೀಡೆ, ಪುಟ್ಟಿಗೆ ಕಾರ್ಟೂನು. ಮೊದಲ ಬಾರಿಗೆ ಕುಟುಂಬಗಳು ತಮಗೇನು ಬೇಕೆಂದು ಕೂತು ಲೆಕ್ಕ ಹಾಕಿದವು.

ಫಲ ಮಾತ್ರ ಎಣಿಸಿದಂತಾಗಲಿಲ್ಲ. ಜನಪ್ರಿಯ ವಾಹಿನಿಗಳು ಹಲವು ನೇರ 19 ರೂಪಾಯಿಗೇ ಬೆಲೆ ಇಟ್ಟವು. ಪ್ಯಾಕ್‌ಗೆ ಕೊಡುವ ರಿಯಾಯಿತಿ ಶೇ 15 ಮೀರಬಾರದು ಎಂಬ ಟ್ರಾಯ್ ನಿಯಮವನ್ನು ಮದ್ರಾಸ್ ಹೈಕೋರ್ಟ್ ಮೊದಲೇ ತೆಗೆದುಹಾಕಿತ್ತು. ಹೀಗಾಗಿ ಎರಡು ಮೂರು ವಾಹಿನಿಗಳನ್ನು ಬಿಡಿಯಾಗಿ ಕೊಳ್ಳುವುದಕ್ಕಿಂತ ಹತ್ತು ಹದಿನೈದರ ಪ್ಯಾಕ್ ಕೊಳ್ಳುವುದೇ ಅಗ್ಗವಾಯಿತು. ಜನ ಆಯ್ಕೆಯ ಹಕ್ಕು ಪಡೆದು ಮತ್ತೆ ಕಟ್ಟನ್ನೇ ಆರಿಸಿದರು. ಹಲವರ ತಿಂಗಳ ಬಿಲ್ಲು ಮೊದಲಿಗಿಂತ ಏರಿತು. 2020ರಲ್ಲಿ 130 ರೂಪಾಯಿಗೆ 200 ವಾಹಿನಿ, ಮಿತಿ 19ರಿಂದ 12ಕ್ಕೆ ಎಂಬ ತಿದ್ದುಪಡಿ ಬಂತು. ಮತ್ತೆ ಕೋರ್ಟು. 2022ರ ನವೆಂಬರ್‌ನಲ್ಲಿ ಮಿತಿ ಮರಳಿ 19ಕ್ಕೆ ಬಂತು. 2024ರ ಜುಲೈನಲ್ಲಿ ತಂತಿಯ ಬಾಡಿಗೆಗಿದ್ದ ಮಿತಿಯನ್ನೇ ಟ್ರಾಯ್ ಕೈಬಿಟ್ಟಿತು. ಅಷ್ಟು ಹೊತ್ತಿಗೆ ನೋಡುಗ ಬೇರೆ ಬಾಗಿಲಿನಿಂದ ಹೊರಟಾಗಿತ್ತು.

ತಂತಿಯ ಆಚೆ

ಆ ಬಾಗಿಲು ಅಂಗೈಯಲ್ಲಿತ್ತು. ಡಿವಿಡಿಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ 2007ರಲ್ಲಿ ಅಮೆರಿಕದಲ್ಲಿ ಅಂತರಜಾಲದ ಮೂಲಕ ಚಿತ್ರ ತೋರಿಸಲು ಆರಂಭಿಸಿತು. ಭಾರತದಲ್ಲಿ 2015ರ ಫೆಬ್ರುವರಿಯಲ್ಲಿ ಹಾಟ್‌ಸ್ಟಾರ್, 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಅದೇ ಡಿಸೆಂಬರ್‌ನಲ್ಲಿ ಅಮೆಜಾನ್ ಪ್ರೈಮ್ ವಿಡಿಯೋ ಬಂದವು. ಇವುಗಳನ್ನೇ ‘ಒಟಿಟಿ’ ಎನ್ನುವುದು. ಕೇಬಲ್‌ನವನ ಹಂಗಿಲ್ಲದೆ, ಅವನ ತಲೆಯ ಮೇಲಿಂದಲೇ ಮನೆಗೆ ಬರುವ ಸೇವೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಮೊದಲ ತಿಂಗಳುಗಳಲ್ಲಿ ಡೇಟಾವನ್ನು ಉಚಿತವಾಗಿ ಹಂಚಿತು. ಮೊಬೈಲಿನಲ್ಲಿ ಚಿತ್ರ ನೋಡುವುದು ಶ್ರೀಮಂತರ ಹವ್ಯಾಸವಾಗಿ ಉಳಿಯಲಿಲ್ಲ. 2019ರಲ್ಲಿ ನೆಟ್‌ಫ್ಲಿಕ್ಸ್ ಮೊಬೈಲಿಗೆಂದೇ 199 ರೂಪಾಯಿಯ ಚಂದಾ ತಂದಿತು. 2021ರ ಡಿಸೆಂಬರ್‌ನಲ್ಲಿ ಅದನ್ನು 149ಕ್ಕೆ ಇಳಿಸಿತು.

2020ರ ಕೊರೊನಾ ಬೀಗ ಈ ಬದಲಾವಣೆಯನ್ನು ಪೂರ್ತಿ ಮಾಡಿತು. ಚಿತ್ರಮಂದಿರಗಳು ಮುಚ್ಚಿದ್ದಾಗ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್ ತಯಾರಿಸಿದ ‘ಲಾ’, ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು ಅದೇ ಜುಲೈನಲ್ಲಿ ನೇರವಾಗಿ ಪ್ರೈಮ್ ವಿಡಿಯೋದಲ್ಲಿ ಬಿಡುಗಡೆಯಾದವು. ಇತ್ತ 2020ರ ಕೊನೆಗೆ ಸುಮಾರು 7 ಕೋಟಿಯಷ್ಟಿದ್ದ ಡಿಟಿಎಚ್ ಚಂದಾದಾರರು ಟ್ರಾಯ್ ಲೆಕ್ಕದಂತೆ 2024ರ ಕೊನೆಗೆ 6 ಕೋಟಿಗಿಂತ ಕಡಿಮೆಯಾದರು. ಕಾರ್ಡು ಹಿಡಿದು ಬರುತ್ತಿದ್ದ ಹುಡುಗ ಹಲವು ಬೀದಿಗಳಲ್ಲಿ ಈಗ ಅಂತರಜಾಲದ ತಂತಿ ಹಾಕಿಕೊಡುತ್ತಾನೆ.

ಒಂದೊಂದು ಚಿತ್ರಕ್ಕೆ ಬೇರೆಬೇರೆಯಾಗಿ ಹಣ ತೆತ್ತು ನೋಡುವ ಪದ್ಧತಿಯೂ ಬಂತು. ಕಮಲ ಹಾಸನ್ 2013ರಲ್ಲಿ ‘ವಿಶ್ವರೂಪಂ’ ಚಿತ್ರವನ್ನು ಚಿತ್ರಮಂದಿರಕ್ಕೂ ಮೊದಲು ಡಿಟಿಎಚ್‌ನಲ್ಲಿ ಹಣಕ್ಕೆ ತೋರಿಸಲು ಹೊರಟಾಗ ಚಿತ್ರಮಂದಿರದವರು ಸಿಡಿದೆದ್ದು ಅದನ್ನು ನಿಲ್ಲಿಸಿದ್ದರು. ಹನ್ನೆರಡು ವರ್ಷದ ನಂತರ, 2025ರ ಆಗಸ್ಟ್ 1ರಂದು, ಆಮೀರ್ ಖಾನ್ ತಮ್ಮ ‘ಸಿತಾರೆ ಜಮೀನ್ ಪರ್’ ಚಿತ್ರವನ್ನು ಯೂಟ್ಯೂಬ್‌ನಲ್ಲಿ 100 ರೂಪಾಯಿಗೆ ಇಟ್ಟರು. ಚಿತ್ರಮಂದಿರದ ಓಟ ಮುಗಿದ ಮೇಲೆ ಬಂದದ್ದು ಎಂಬುದೇನೋ ನಿಜ; ಆದರೆ ಚಂದಾ ಇಲ್ಲ, ಪ್ಯಾಕ್ ಇಲ್ಲ, ನೋಡಿದ್ದಕ್ಕೆ ದುಡ್ಡು ಅಷ್ಟೇ.

ಕನ್ನಡಕ್ಕೆ ಸಿಕ್ಕಿದ್ದು, ತಪ್ಪಿದ್ದು

ಈ ಬದಲಾವಣೆಯಿಂದ ಕನ್ನಡಕ್ಕೆ ಒಳಿತಾಗಲಿಲ್ಲ ಎನ್ನುವಂತಿಲ್ಲ. ದುಬೈಯಲ್ಲೋ ಸಿಂಗಪುರದಲ್ಲೋ ಅಮೆರಿಕದಲ್ಲೋ ನೆಲೆಸಿದ ಕನ್ನಡಿಗನಿಗೆ ಅಲ್ಲಿನ ಕೇಬಲ್ ಎಲೆಯಲ್ಲಿ ಕನ್ನಡದ ಪಲ್ಯ ಸಿಗುವುದು ಕಷ್ಟವಿತ್ತು. ಇಂದು ಆತ ಹೊಸ ಕನ್ನಡ ಚಿತ್ರವನ್ನು ಕೆಲವೇ ವಾರಗಳಲ್ಲಿ ಮನೆಯಲ್ಲಿ ನೋಡಬಲ್ಲ. ‘ಕಾಂತಾರ’ದಂಥ ಚಿತ್ರ ಕನ್ನಡ ಬಾರದವರ ಮನೆಗಳಿಗೂ ಹೋಯಿತು. ಸಂಜೆ ಏಳರ ಧಾರಾವಾಹಿಗಾಗಿ ಒಲೆ ಆರಿಸಿ ಓಡಿ ಬರುತ್ತಿದ್ದ ಗೃಹಿಣಿ ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ನೆಮ್ಮದಿಯಾಗಿ ನೋಡುತ್ತಾಳೆ. ಇವೆಲ್ಲ ನಿಜವಾದ ಲಾಭಗಳು.

ಆದರೆ ಲೆಕ್ಕದ ಇನ್ನೊಂದು ಕಡೆಯನ್ನೂ ನೋಡಬೇಕು. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯಾದವರು ಸುಮಾರು 4.37 ಕೋಟಿ, ತೆಲುಗು 8.11 ಕೋಟಿ, ತಮಿಳು 6.90 ಕೋಟಿ. ಕೇಬಲ್ ಕಟ್ಟಿನಲ್ಲಿ ಕರ್ನಾಟಕದ ಮನೆಗಳೆಲ್ಲ ಕನ್ನಡ ವಾಹಿನಿಯ ಮನೆಗಳು. ಒಟಿಟಿಯಲ್ಲಿ ಎಣಿಕೆ ಬೇರೆ. ಎಷ್ಟು ಜನ ಕನ್ನಡಕ್ಕಾಗಿಯೇ ಚಂದಾದಾರರಾದರು? ಎಷ್ಟು ಜನ ಕನ್ನಡದ ಚಿತ್ರವನ್ನು ಕೊನೆಯವರೆಗೆ ನೋಡಿದರು? ಕಂಪನಿಯ ಕೈಯಲ್ಲಿ ಪ್ರತಿ ನೋಡುಗನ ಲೆಕ್ಕ ಇದೆ. ತಮಿಳು, ತೆಲುಗು, ಹಿಂದಿ ಚಿತ್ರಗಳನ್ನೂ ಸಲೀಸಾಗಿ ನೋಡುವ ಕನ್ನಡಿಗ, ಕನ್ನಡ ಚಿತ್ರ ಇಲ್ಲದಿದ್ದರೂ ಚಂದಾ ಬಿಡುವುದಿಲ್ಲ ಎಂದು ಆ ಲೆಕ್ಕ ಹೇಳಿದರೆ, ಕನ್ನಡದ ಮೇಲೆ ಹಣ ಹೂಡಲು ಕಂಪನಿಗೆ ಕಾರಣವೇನು? ಬಹುಭಾಷಾ ಜ್ಞಾನ ಕನ್ನಡಿಗನ ಹೆಮ್ಮೆ. ಬಿಡಿ ಮಾರಾಟದ ಕಾಲದಲ್ಲಿ ಅದೇ ಅವನ ಭಾಷೆಗೆ ತೊಡಕಾಗಬಹುದು.

ಇದು ಬರೀ ತರ್ಕವಲ್ಲ. 2018ರಲ್ಲಿ ಆರಂಭವಾದ ಝೀ5 ತನ್ನ ಮೊದಲ ಕನ್ನಡ ಮೂಲ ಸರಣಿ ಎಂದು ‘ಅಯ್ಯನ ಮನೆ’ಯನ್ನು ತಂದದ್ದು 2025ರ ಏಪ್ರಿಲ್‌ನಲ್ಲಿ, ಏಳು ವರ್ಷಗಳ ಮೇಲೆ. ರಕ್ಷಿತ್ ಶೆಟ್ಟಿ ಅವರ ಪರಂವಃ ಸ್ಟುಡಿಯೋಸ್ ಕರಾವಳಿಯ ಹಿನ್ನೆಲೆಯಲ್ಲಿ ‘ಏಕಂ’ ಎಂಬ ಏಳು ಕಥೆಗಳ ಸರಣಿಯನ್ನು ಸಿದ್ಧಪಡಿಸಿತು. ದೊಡ್ಡ ವೇದಿಕೆಗಳು ಅದನ್ನು ಕೊಳ್ಳಲಿಲ್ಲ. ಕಡೆಗೆ 2024ರ ಜುಲೈನಲ್ಲಿ ತಯಾರಕರೇ ಅದನ್ನು ತಮ್ಮದೇ ತಾಣದಲ್ಲಿ 149 ರೂಪಾಯಿಗೆ ನೋಡುಗರ ಮುಂದಿಟ್ಟರು. ಬಿಡಿ ಮಾರಾಟದ ಎರಡು ಮುಖಗಳೂ ಈ ಒಂದು ಉದಾಹರಣೆಯಲ್ಲಿವೆ. ದೊಡ್ಡ ಅಂಗಡಿಯವನು ಬೇಡವೆಂದರೂ ಮಾರುವ ದಾರಿ ಉಂಟು ಎಂಬುದು ಒಂದು. ಹಾಗೆ ಮಾರಿದ್ದು ಉಳಿಯಬೇಕಾದರೆ ಕೊಳ್ಳುವವರು ಒಬ್ಬೊಬ್ಬರಾಗಿ ಮುಂದೆ ಬರಲೇಬೇಕು ಎಂಬುದು ಇನ್ನೊಂದು.

ಇದರ ಪಕ್ಕದಲ್ಲಿ ಇನ್ನೊಂದು ಉದಾಹರಣೆ ಇಟ್ಟು ನೋಡಿ. ದೂರದರ್ಶನ ಚಂದನದ ‘ಥಟ್ ಅಂತ ಹೇಳಿ’ 2002ರಲ್ಲಿ ಆರಂಭವಾಯಿತು. ಡಾ. ನಾ. ಸೋಮೇಶ್ವರ ನಡೆಸಿಕೊಡುವ ಈ ರಸಪ್ರಶ್ನೆಯಲ್ಲಿ ಗೆದ್ದವರಿಗೆ ಬಹುಮಾನ ಕಾರಲ್ಲ, ಬಂಗಾರವಲ್ಲ, ಕನ್ನಡ ಪುಸ್ತಕ. ಸಾವಿರಾರು ಸಂಚಿಕೆಗಳಾದವು. ಇದಕ್ಕಾಗಿಯೇ ತಿಂಗಳಿಗೆ 149 ರೂಪಾಯಿ ಕೊಡಿ ಎಂದಿದ್ದರೆ ಎಷ್ಟು ಮನೆಗಳು ಕೊಡುತ್ತಿದ್ದವು? ಆದರೆ ಚಂದನ ಪ್ರತಿ ಕೇಬಲ್ ಕಟ್ಟಿನಲ್ಲೂ ಕಡ್ಡಾಯವಾಗಿ ಇತ್ತು. ಯಾವುದೋ ವಾಹಿನಿ ಹುಡುಕುತ್ತ ರಿಮೋಟ್ ಒತ್ತಿದ ಹುಡುಗ ಅಲ್ಲಿ ನಿಂತ, ಒಂದು ಪ್ರಶ್ನೆಗೆ ಉತ್ತರ ಹೇಳಿದ, ಮರುದಿನ ಮತ್ತೆ ನೋಡಿದ. ಹುಡುಕದೆ ಸಿಕ್ಕಿದ್ದು ಎಂಬುದು ಕಟ್ಟಿನ ದೊಡ್ಡ ಗುಣ. ಒಟಿಟಿ ತೋರಿಸುವುದು ನೋಡುಗ ಈ ಮೊದಲು ಇಷ್ಟಪಟ್ಟದ್ದನ್ನೇ ಹೋಲುವುದನ್ನು. ದಿನವೂ ದೋಸೆ ತಿಂದವನಿಗೆ ಅದು ದೋಸೆಯನ್ನೇ ತಂದಿಡುತ್ತದೆ.

ಮತ್ತೆ ಕಟ್ಟು

ಸ್ವಾರಸ್ಯದ ಸಂಗತಿಯೆಂದರೆ, ಬಿಚ್ಚಿದ ಕಟ್ಟು ತಾನಾಗಿಯೇ ಮತ್ತೆ ಕಟ್ಟಿಕೊಳ್ಳುತ್ತಿದೆ. ಒಂದು ಚಿತ್ರ ಒಂದು ಕಡೆ, ಕ್ರಿಕೆಟ್ ಇನ್ನೊಂದು ಕಡೆ, ಧಾರಾವಾಹಿ ಮತ್ತೊಂದು ಕಡೆ ಎಂದಾದಾಗ ಮನೆಯವರು ನಾಲ್ಕು ಚಂದಾ ಕಟ್ಟುವಂತಾಯಿತು. ಒಂದೇ ಚಂದಾವನ್ನು ನಾಲ್ಕು ಮನೆಯವರು ಬೈಟು ಮಾಡಿಕೊಂಡರು. ನೆಟ್‌ಫ್ಲಿಕ್ಸ್ 2023ರ ಜುಲೈನಲ್ಲಿ ಭಾರತದಲ್ಲೂ ಅದಕ್ಕೆ ತಡೆ ಹಾಕಿತು. ಮೊಬೈಲ್ ಕಂಪನಿಗಳು ಕರೆ, ಡೇಟಾ, ಹಲವು ಒಟಿಟಿಗಳನ್ನು ಒಟ್ಟು ಕಟ್ಟಿ ಒಂದು ರೀಚಾರ್ಜ್‌ನಲ್ಲಿ ಮಾರತೊಡಗಿದವು. 2023ರಲ್ಲಿ ಐಪಿಎಲ್ ಪಂದ್ಯಗಳನ್ನು ಉಚಿತವಾಗಿ ತೋರಿಸಿದ್ದ ಜಿಯೋಸಿನಿಮಾ, 2025ರ ಫೆಬ್ರುವರಿಯಲ್ಲಿ ಹಾಟ್‌ಸ್ಟಾರ್ ಜೊತೆ ಒಂದಾಗಿ ಜಿಯೋಹಾಟ್‌ಸ್ಟಾರ್ ಆಯಿತು. ಕ್ರಿಕೆಟ್ಟಿಗೆ ಮತ್ತೆ ಚಂದಾ ಬಂತು. 2025ರ ಜೂನ್‌ನಿಂದ ಪ್ರೈಮ್ ವಿಡಿಯೋದಲ್ಲಿ ಚಂದಾ ಕಟ್ಟಿದವರಿಗೂ ಜಾಹೀರಾತು ಬಂತು; ಬೇಡವೆಂದರೆ ಮೇಲೆ ಇನ್ನಷ್ಟು ಹಣ. ಕೇಬಲ್ ಕಾಲದ ಎರಡು ದೂರುಗಳು ಬೇಡದ್ದಕ್ಕೆ ಹಣ ಮತ್ತು ಹಣ ಕೊಟ್ಟರೂ ಜಾಹೀರಾತು. ಎರಡೂ ಹೊಸ ವೇಷದಲ್ಲಿ ಮರಳಿವೆ.

ಆದರೆ ಹಳೆಯ ಕಟ್ಟಿಗೂ ಹೊಸದಕ್ಕೂ ಒಂದು ವ್ಯತ್ಯಾಸವಿದೆ. ಹಳೆಯದರಲ್ಲಿ ಸಾರ್ವಜನಿಕ ಪ್ರಸಾರಕ್ಕೆ ಕಾನೂನಿನ ಜಾಗವಿತ್ತು. ಊರ ವಾಹಿನಿಗೆ ರೂಢಿಯ ಜಾಗವಿತ್ತು. ರಾಜ್ಯದ ಭಾಷೆಗೆ ಸಹಜವಾದ ಜಾಗವಿತ್ತು. ಹೊಸ ಕಟ್ಟಿನಲ್ಲಿ ಏನಿರಬೇಕೆಂದು ನಿರ್ಧರಿಸುವುದು ಕೆಲವೇ ಕಂಪನಿಗಳ ಲೆಕ್ಕಪುಸ್ತಕ.

ಹಾಗಾದರೆ ಮಾಡಬೇಕಾದ್ದೇನು? ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲಿ ‘ಸಿ ಸ್ಪೇಸ್’ ಎಂಬ ತನ್ನದೇ ಒಟಿಟಿ ಆರಂಭಿಸಿತು. ಅಲ್ಲಿ ಚಂದಾ ಇಲ್ಲ. ಒಂದು ಚಲನಚಿತ್ರಕ್ಕೆ 75 ರೂಪಾಯಿ, ಅದರಲ್ಲಿ ಅರ್ಧ ಚಿತ್ರ ಮಾಡಿದವರಿಗೆ. ಕರ್ನಾಟಕ ಸರ್ಕಾರವೂ 2025ರ ಮಾರ್ಚ್‌ನ ಬಜೆಟ್‌ನಲ್ಲಿ ಕನ್ನಡ ಚಿತ್ರಗಳಿಗಾಗಿ ಒಟಿಟಿ ವೇದಿಕೆ ರೂಪಿಸುವುದಾಗಿ ಘೋಷಿಸಿತು. ಸರ್ಕಾರ ಅಂಗಡಿ ತೆರೆಯಬಹುದು. ಆದರೆ ಅಂಗಡಿಗೆ ಜನ ಬರುವುದು ಬೇರೆ ಮಾತು.

ಕನ್ನಡನಾಡಿನಲ್ಲಿ ಒಂದು ಹಳೆಯ ಪಾಠವುಂಟು. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಇಲ್ಲಿ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ವಸೂಲಾಗುತ್ತದೆ. ಗ್ರಂಥಾಲಯದ ಮೆಟ್ಟಿಲು ಹತ್ತದ ಮನೆಯಾತನೂ ಅದನ್ನು ಕೊಡುತ್ತಾನೆ. ಓದಿದವನು ಓದಿದ ಪುಸ್ತಕಕ್ಕಷ್ಟೇ ಕೊಡಲಿ ಎಂದಿದ್ದರೆ ಎಷ್ಟೋ ಊರುಗಳಲ್ಲಿ ಆ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಕೆಲವು ವಸ್ತುಗಳನ್ನು ಬಿಡಿಯಾಗಿ ಮಾರಬಹುದು. ಕೆಲವನ್ನು ಎಲ್ಲರೂ ಸೇರಿಯೇ ಉಳಿಸಿಕೊಳ್ಳಬೇಕು. ಭಾಷೆಯೊಂದರ ಕಥೆ, ರಸಪ್ರಶ್ನೆ, ಊರ ಯಕ್ಷಗಾನ ಇವು ಎರಡನೆಯ ಬಗೆಯವು.

ಕೇಬಲ್ ಕಾಲದಲ್ಲಿ ಆ ಹೊಣೆಯನ್ನು ಕಟ್ಟು ಹೊತ್ತಿತ್ತು. ನೋಡುಗನಿಗೆ ಅದು ತಿಳಿಯುತ್ತಲೂ ಇರಲಿಲ್ಲ. ಈಗ ಕಟ್ಟು ಬಿಚ್ಚಿದೆ, ಹೊಣೆ ನೋಡುಗನ ಹೆಗಲಿಗೆ ಬಂದಿದೆ. ಮೊಬೈಲಿನ ಮೇಲೆ ಬೆರಳಿಡುವಾಗ ಆತ ತಾನು ನೋಡುವುದನ್ನು ಮಾತ್ರ ಆರಿಸುತ್ತಿಲ್ಲ; ನಾಳೆ ಯಾವುದು ಉಳಿಯಬೇಕು ಎಂಬುದನ್ನೂ ಆರಿಸುತ್ತಿದ್ದಾನೆ. ಹಾಗಲಕಾಯಿ ಪಲ್ಯ ಎಲೆಯಲ್ಲಿ ತಾನಾಗಿ ಬರುವ ಕಾಲ ಮುಗಿಯಿತು. ಬೇಕೆಂದರೆ ಕೇಳಬೇಕು, ಕೇಳಿದ ಮೇಲೆ ದುಡ್ಡು ಕೊಡಬೇಕು.